ಹೈಟಿಯ ಕಾಫಿ, ಮಲೆನಾಡಿನ ಕಾಫಿ: ‘ಗುಲಾಮ’ ಎಂಬ ಪದ ಎಲ್ಲಿಯವರೆಗೆ ಸಲ್ಲುತ್ತದೆ?

ಸಕಲೇಶಪುರದ ಮೇಷ್ಟ್ರು

ಕಳೆದ ವಾರ ಪಿಯುಸಿ ಮಕ್ಕಳಿಗೆ ಫ್ರೆಂಚ್ ಕ್ರಾಂತಿಯ ಪಾಠ ಮಾಡುತ್ತಿದ್ದೆ. ಹೊರಗೆ ಮಳೆ ಎಷ್ಟು ಜೋರಾಗಿತ್ತೆಂದರೆ ಹಿಂದಿನ ಬೆಂಚಿಗೆ ನನ್ನ ಮಾತು ಕೇಳಿಸುತ್ತಿರಲಿಲ್ಲ. ಪುಸ್ತಕ ಮುಚ್ಚಿದೆ. ಎಲ್ಲರನ್ನೂ ಮುಂದಕ್ಕೆ ಕರೆದು ಕೂರಿಸಿಕೊಂಡು ಕೆರಿಬಿಯನ್ ಸಮುದ್ರದ ಹೈಟಿಯ ಕಥೆ ಹೇಳಿದೆ. ಆಗ ಅದರ ಹೆಸರು ಸೇಂಟ್ ಡೊಮಿಂಗ್, ಫ್ರಾನ್ಸಿನ ವಸಾಹತು. 1780ರ ದಶಕದ ಕೊನೆಗೆ ಜಗತ್ತಿನ ಕಾಫಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಆ ಒಂದು ನೆಲದಿಂದ ಹೋಗುತ್ತಿತ್ತು. ಬಯಲಿನಲ್ಲಿ ಕಬ್ಬು, ಗುಡ್ಡದ ಇಳಿಜಾರಿನಲ್ಲಿ ಕಾಫಿ. ದುಡಿಯುತ್ತಿದ್ದವರು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದವರು ಮತ್ತು ಅವರ ಮಕ್ಕಳು, ಸುಮಾರು 5 ಲಕ್ಷ ಗುಲಾಮರು. 1791ರ ಆಗಸ್ಟ್‌ನಲ್ಲಿ ಅವರು ದಂಗೆ ಎದ್ದರು. 1804ರ ಜನವರಿ 1ರಂದು ತಮ್ಮದೇ ಸ್ವತಂತ್ರ ದೇಶವನ್ನು ಘೋಷಿಸಿದರು.

ಕಥೆ ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ಅಪ್ಪ ಅಮ್ಮ ತೋಟವೊಂದರಲ್ಲಿ ಆಳುಗಳಿಗೆಂದು ಸಾಲಾಗಿ ಕಟ್ಟಿದ ಸಾಲುಮನೆಯಲ್ಲಿದ್ದಾರೆ. “ಸರ್, ನಮ್ಮ ತಾತ ಮುಂಗಡ ತೀರಿಸಲಾಗದೆ ಮೂವತ್ತು ವರ್ಷ ಒಂದೇ ತೋಟದಲ್ಲಿದ್ದರು. ಅವರನ್ನು ಏನೆಂದು ಕರೆಯಬೇಕು?” ಎಂದು ಕೇಳಿದಳು. ‘ಜೀತ’ ಎಂದೆ. “ಜೀತವೂ ಗುಲಾಮಗಿರಿಯೂ ಒಂದೇ ಅಲ್ಲವೇ?” ಎಂದಳು. ನಾನು ಗಂಟೆ ಬಾರಿಸುವವರೆಗೆ ಏನೇನೋ ಹೇಳಿದೆ. ಅವಳಿಗೆ ಉತ್ತರ ಸಿಗಲಿಲ್ಲ ಎಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು. ಸೋಮವಾರ ಮತ್ತೆ ಅದೇ ತರಗತಿಗೆ ಹೋಗಬೇಕು. ಈ ಪ್ರಶ್ನೆಗೆ ನೀವೇನು ಹೇಳುತ್ತೀರಿ?

ಮೂಡಿಗೆರೆಯ ಬೆಳೆಗಾರ

ಮೇಷ್ಟ್ರೇ, ಆ ಹುಡುಗಿಯ ನೋವು ನನಗೆ ಅರ್ಥವಾಗುತ್ತದೆ. ಆದರೆ ಉತ್ತರ ಕೊಡುವ ಮುನ್ನ ಪದದ ತೂಕ ನೋಡಿ. ಅಟ್ಲಾಂಟಿಕ್ ಸಾಗರದ ಮೇಲೆ ನಾಲ್ಕು ಶತಮಾನಗಳಲ್ಲಿ ಹಡಗು ಹತ್ತಿಸಿದ್ದು ಸುಮಾರು 1 ಕೋಟಿ 25 ಲಕ್ಷ ಜನರನ್ನು. ಆಚೆಯ ದಡದಲ್ಲಿ ಜೀವಂತವಾಗಿ ಇಳಿದವರು ಸುಮಾರು 1 ಕೋಟಿ 7 ಲಕ್ಷ. ಉಳಿದವರು ಸಮುದ್ರದ ಪಾಲಾದರು. ಇಳಿದವರ ಮೈಮೇಲೆ ಕಾಯಿಸಿದ ಕಬ್ಬಿಣದ ಗುರುತು ಹಾಕಿದರು, ತಾಯಿಯನ್ನು ಒಬ್ಬನಿಗೆ ಮಗುವನ್ನು ಇನ್ನೊಬ್ಬನಿಗೆ ಮಾರಿದರು.

ನಮ್ಮದು ನಾಲ್ಕು ತಲೆಮಾರಿನ ತೋಟ. ನನ್ನ ಅಜ್ಜ ಮುಂಗಡ ಕೊಡುತ್ತಿದ್ದದ್ದು ನಿಜ. ಆಳಿನ ಮಗಳ ಮದುವೆಗೆ ಕೊಟ್ಟರು, ಕಾಯಿಲೆಗೆ ಕೊಟ್ಟರು, ಯುಗಾದಿಗೆ ಬಟ್ಟೆಗೆಂದು ಕೊಟ್ಟರು. ಆಳುಗಳ ಊಟ ಆಗದೆ ಅಜ್ಜಿ ತುತ್ತು ಮುಟ್ಟುತ್ತಿರಲಿಲ್ಲ. ಇದನ್ನೂ ಅದನ್ನೂ ಒಂದೇ ಹೆಸರಿನಿಂದ ಕರೆದರೆ ಅನ್ಯಾಯವಾಗುವುದು ನಮ್ಮ ಅಜ್ಜನಿಗೆ ಮಾತ್ರವಲ್ಲ, ಹಡಗಿನ ತಳದಲ್ಲಿ ಉಸಿರುಗಟ್ಟಿ ಸತ್ತವರಿಗೂ ಅನ್ಯಾಯವಾಗುತ್ತದೆ.

ಅರಸೀಕೆರೆಯ ಓದುಗ

ಗುಲಾಮಗಿರಿ ಬಿಳಿಯರು ಹುಟ್ಟುಹಾಕಿದ್ದು ಎಂಬ ಹಾಗೆ ಮಾತನಾಡುವುದನ್ನು ಮೊದಲು ಬಿಡೋಣ. ಗ್ರೀಸಿನಲ್ಲಿತ್ತು, ರೋಮಿನಲ್ಲಿತ್ತು, ಅರಬರಲ್ಲಿತ್ತು. ದಖ್ಖನ್ನಿನಲ್ಲಿ ಮೊಗಲರನ್ನು ತಡೆದು ನಿಲ್ಲಿಸಿದ ಮಲಿಕ್ ಅಂಬರ್ ಇಥಿಯೋಪಿಯಾದಲ್ಲಿ ಹುಟ್ಟಿ, ಕೈಯಿಂದ ಕೈಗೆ ಮಾರಾಟವಾಗುತ್ತಾ ಅಹಮದ್‌ನಗರಕ್ಕೆ ಬಂದವನು. 1626ರಲ್ಲಿ ತೀರಿಕೊಂಡಾಗ ಅವನು ರಾಜ್ಯವನ್ನೇ ನಡೆಸುತ್ತಿದ್ದ. ನಮ್ಮದೇ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ಬರೆದ ಮಿತಾಕ್ಷರ ಎಂಬ ಧರ್ಮಶಾಸ್ತ್ರ ಗ್ರಂಥದಲ್ಲಿ ನಾರದಸ್ಮೃತಿಯ ಆಧಾರದ ಮೇಲೆ 15 ಬಗೆಯ ದಾಸರ ಪಟ್ಟಿಯಿದೆ: ಮನೆಯಲ್ಲಿ ಹುಟ್ಟಿದವನು, ಕೊಂಡವನು, ಬರಗಾಲದಲ್ಲಿ ಅನ್ನ ಹಾಕಿ ಉಳಿಸಿಕೊಂಡವನು, ಸಾಲಕ್ಕೆ ಒತ್ತೆ ಬಿದ್ದವನು, ಯುದ್ಧದಲ್ಲಿ ಸಿಕ್ಕವನು, ಹೀಗೆ.

ಎಲ್ಲ ಸಾಮ್ರಾಜ್ಯಗಳೂ ಮಾಡಿದ ಪಾಪ ಇದು. ಅದನ್ನು ಕಾನೂನು ಮಾಡಿ ನಿಲ್ಲಿಸಿದ ಸಾಮ್ರಾಜ್ಯ ಬ್ರಿಟನ್. 1807ರಲ್ಲಿ ಗುಲಾಮರ ವ್ಯಾಪಾರವನ್ನು, 1833ರಲ್ಲಿ ಗುಲಾಮಗಿರಿಯನ್ನೇ ನಿಷೇಧಿಸಿತು. ಇಷ್ಟನ್ನಾದರೂ ಒಪ್ಪಿಕೊಳ್ಳುವ ದೊಡ್ಡತನ ನಮಗಿರಬೇಕು.

ಹಾಸನದ ವಕೀಲೆ

ಅರಸೀಕೆರೆಯವರೇ, 1833ರ ಆ ಕಾನೂನನ್ನು ಪೂರ್ತಿ ಓದಿದರೆ ಕೊನೆಯ ಕಡೆ ಒಂದು ಕಲಂ ಸಿಗುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ಪ್ರದೇಶಗಳಿಗೆ, ಸಿಲೋನಿಗೆ (ಈಗಿನ ಶ್ರೀಲಂಕಾ) ಮತ್ತು ಸೇಂಟ್ ಹೆಲೆನಾ ದ್ವೀಪಕ್ಕೆ ಈ ಕಾನೂನು ಅನ್ವಯಿಸುವುದಿಲ್ಲ ಎಂದು ಅಲ್ಲಿ ಬರೆದಿದೆ. ಎಂದರೆ ಬ್ರಿಟನ್ ಗುಲಾಮಗಿರಿಯನ್ನು ನಿಷೇಧಿಸಿತು ಎಂದು ನಾವು ಶಾಲೆಯಲ್ಲಿ ಓದಿದ ವರ್ಷದಲ್ಲಿ ನಮ್ಮನ್ನು ಹೆಸರು ಹಿಡಿದು ಹೊರಗಿಟ್ಟಿದ್ದರು.

ಆ ನಿಷೇಧಕ್ಕಾಗಿ ಬ್ರಿಟಿಷ್ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಯಾರಿಗೆ? ಗುಲಾಮರ ಒಡೆಯರಿಗೆ. ಬೆನ್ನು ಮುರಿದುಕೊಂಡವರಿಗೆ ಒಂದು ಕಾಸೂ ಇಲ್ಲ. ಬಿಡುಗಡೆಯ ನಂತರವೂ ‘ಅಪ್ರೆಂಟಿಸ್’ ಎಂಬ ಹೆಸರಿನಲ್ಲಿ ಅದೇ ಒಡೆಯನ ಬಳಿ ಬಿಟ್ಟಿ ದುಡಿಯಬೇಕಾಯಿತು, ಅದು ಕೊನೆಗೊಂಡದ್ದು 1838ರಲ್ಲಿ. ಪರಿಹಾರಕ್ಕೆ ಎತ್ತಿದ ಸಾಲವನ್ನು ಪೂರ್ತಿಯಾಗಿ ತೀರಿಸಿದ್ದು 2015ರಲ್ಲಿ. ಅಲ್ಲಿಯವರೆಗೆ ತೆರಿಗೆ ಕಟ್ಟಿದ ಪ್ರತಿಯೊಬ್ಬ ಬ್ರಿಟಿಷ್ ಪ್ರಜೆಯೂ ಗುಲಾಮರ ಒಡೆಯರ ನಷ್ಟ ತುಂಬಿಕೊಟ್ಟಿದ್ದಾನೆ, ಗುಲಾಮರ ಮರಿಮಕ್ಕಳೂ ಸೇರಿ.

ಹೈಟಿಯದು ಇನ್ನೂ ಘೋರ. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ಬಂದರಿನಲ್ಲಿ ನಿಲ್ಲಿಸಿ, ಕಳೆದುಕೊಂಡ ತೋಟಗಳಿಗೂ ಆಳುಗಳಿಗೂ 15 ಕೋಟಿ ಫ್ರಾಂಕ್ ಕೊಡಿ ಎಂದಿತು. 1838ರಲ್ಲಿ ಅದನ್ನು 9 ಕೋಟಿಗೆ ಇಳಿಸಿದರು. ತಮ್ಮ ಮೈಯ ಬೆಲೆಯನ್ನು ತಾವೇ ಕಟ್ಟಿದ ಆ ಜನ ಅದಕ್ಕಾಗಿ ಮಾಡಿದ ಸಾಲಗಳಿಂದ ಬಿಡುಗಡೆಯಾದದ್ದು 1947ರಲ್ಲಿ. ನಮಗೆ ಸ್ವಾತಂತ್ರ್ಯ ಬಂದ ವರ್ಷ.

ಇನ್ನು ಇಲ್ಲಿಯದು. ಕಂಪನಿ ಸರ್ಕಾರದ 1843ರ 5ನೇ ಕಾಯಿದೆ ಹೇಳಿದ್ದು, ಗುಲಾಮನ ಮೇಲಿನ ಒಡೆತನವನ್ನು ನ್ಯಾಯಾಲಯ ಮಾನ್ಯ ಮಾಡುವುದಿಲ್ಲ ಎಂದಷ್ಟೇ. ಇಟ್ಟುಕೊಂಡರೆ ಶಿಕ್ಷೆ ಎಂದು ಅದರಲ್ಲಿ ಇರಲಿಲ್ಲ. ಅದು ಅಪರಾಧವಾದದ್ದು 1860ರ ದಂಡಸಂಹಿತೆಯಲ್ಲಿ. ಅದಕ್ಕೆ ಒಂದೇ ವರ್ಷ ಮೊದಲು, 1859ರಲ್ಲಿ, ಮತ್ತೊಂದು ಕಾನೂನು ಬಂದಿತ್ತು: ಮುಂಗಡ ಪಡೆದು ಕೆಲಸ ಬಿಟ್ಟ ಕಾರ್ಮಿಕನನ್ನು ಮ್ಯಾಜಿಸ್ಟ್ರೇಟ್ ಕೆಲಸಕ್ಕೆ ವಾಪಸ್ ಕಳಿಸಬಹುದು, ಒಪ್ಪದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ ವಿಧಿಸಬಹುದು. ಅಸ್ಸಾಮಿನ ಚಹಾ ತೋಟಗಳಲ್ಲೂ ಪಕ್ಕದ ಕೊಡಗಿನ ಕಾಫಿ ತೋಟಗಳಲ್ಲೂ ಅದನ್ನು ಬಳಸಿದರು. ಅದು ರದ್ದಾದದ್ದು 1925ರಲ್ಲಿ. ಸಾಲ ತೀರಿಸದವನ ಮೇಲೆ ಸಿವಿಲ್ ದಾವೆ ಹೂಡುವುದು ಎಲ್ಲ ಕಡೆಯ ಪದ್ಧತಿ. ಇಲ್ಲಿ ಕೂಲಿಯವನಿಗೆ ಸಾಲವೇ ಸೆರೆಮನೆಯಾಯಿತು. ಮೂಡಿಗೆರೆಯವರು ಹೇಳುವ ‘ಮುಂಗಡ’ ಎಂಬ ಪದದ ಹಿಂದೆ ಈ ಚರಿತ್ರೆ ಇದೆ.

ಬೇಲೂರಿನ ವಿದ್ಯಾರ್ಥಿ

ನಮ್ಮ ಜಿಲ್ಲೆಯ ತೋಟಗಳು ಶುರುವಾದದ್ದೂ ಅದೇ ಕಾಲದಲ್ಲಿ ಅಲ್ಲವೇ? ಬಾಬಾಬುಡನ್ ಯೆಮೆನ್‌ನಿಂದ ಏಳು ಬೀಜ ತಂದರೆಂಬ ಐತಿಹ್ಯವನ್ನು ಎಲ್ಲರೂ ಹೇಳುತ್ತಾರೆ. ದೊಡ್ಡ ತೋಟಗಳು ಯಾವಾಗ ಬಂದವು, ಅವುಗಳಿಗೆ ಆಳು ಎಲ್ಲಿಂದ ಬಂದರು ಎಂಬುದನ್ನು ಯಾರೂ ಹೇಳುವುದಿಲ್ಲ.

ಸಕಲೇಶಪುರದ ಮೇಷ್ಟ್ರು

ಹೌದಪ್ಪ, ಅದೇ ಕಾಲ. ಚಿಕ್ಕಮಗಳೂರಿನ ಕಡೆ ಕ್ಯಾನನ್ ಎಂಬ ಯುರೋಪಿಯನ್ 1830ರ ಸುಮಾರಿಗೆ ತೋಟ ಎಬ್ಬಿಸಿದ. ನಮ್ಮ ಮಂಜರಾಬಾದಿನಲ್ಲಿ, ಎಂದರೆ ಈಗಿನ ಸಕಲೇಶಪುರದ ಕಡೆ, ಗ್ರೀನ್ ಎಂಬಾತ 1843ರಲ್ಲಿ. 1831ರಿಂದ ಮೈಸೂರು ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು, ಆದ್ದರಿಂದ ಬಿಳಿಯರಿಗೆ ಕಾಡು ಸಿಗುವುದು ಕಷ್ಟವಾಗಲಿಲ್ಲ. ಕಾಡು ಸಿಕ್ಕಿದರೆ ಸಾಕೇ? ಮರ ಕಡಿಯಬೇಕು, ಗುಂಡಿ ತೋಡಬೇಕು, ಸಸಿ ನೆಟ್ಟು ನಾಲ್ಕು ವರ್ಷ ಕಾಯಬೇಕು. ಮಲೇರಿಯಾದ ಕಾಡಿಗೆ ಸ್ವಂತ ಇಚ್ಛೆಯಿಂದ ಬರುವವರು ಯಾರು?

ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಬ್ರಿಟನ್ನಿನ ಹೆಚ್ಚಿನ ವಸಾಹತುಗಳಲ್ಲಿ ಆಫ್ರಿಕದವರ ಬಿಡುಗಡೆ ಜಾರಿಗೆ ಬಂದದ್ದು 1834ರ ಆಗಸ್ಟ್ 1ರಂದು. ಅದೇ ವರ್ಷದ ನವೆಂಬರ್ 2ರಂದು ‘ಅಟ್ಲಾಸ್’ ಎಂಬ ಹಡಗು 36 ಮಂದಿ ಭಾರತೀಯ ಕೂಲಿಗಳನ್ನು ಮಾರಿಷಸ್ಸಿನ ಕಬ್ಬಿನ ಗದ್ದೆಗೆ ಇಳಿಸಿತು. ನಡುವೆ ಮೂರು ತಿಂಗಳು. ಅಲ್ಲಿಂದ ಮುಂದೆ ಆ ಒಂದೇ ದ್ವೀಪಕ್ಕೆ ಸುಮಾರು ನಾಲ್ಕೂವರೆ ಲಕ್ಷ ಮಂದಿ ಹೋದರು, ಬಿಹಾರದಿಂದ, ತೆಲುಗು ಕರಾವಳಿಯಿಂದ, ತಮಿಳು ಜಿಲ್ಲೆಗಳಿಂದ. ಇಷ್ಟು ವರ್ಷ ದುಡಿಯುತ್ತೇವೆ ಎಂದು ಬರೆದುಕೊಟ್ಟ ಅಗ್ರಿಮೆಂಟ್ ಎಂಬುದು ಅವರ ಬಾಯಲ್ಲಿ ‘ಗಿರ್ಮಿಟ್’ ಆಯಿತು. ಅವರು ಇಳಿದ ಮೆಟ್ಟಿಲುಗಳು ಅಲ್ಲಿನ ರಾಜಧಾನಿ ಪೋರ್ಟ್ ಲೂಯಿಯಲ್ಲಿ ಇಂದಿಗೂ ಇವೆ. ಗೋಖಲೆಯವರು 1912ರಲ್ಲಿ ಈ ಪದ್ಧತಿಯನ್ನು ನಿಲ್ಲಿಸಿ ಎಂದು ವೈಸರಾಯ್ ಸಭೆಯಲ್ಲಿ ನಿರ್ಣಯ ತಂದಾಗ ಅದು ಬಿದ್ದುಹೋಯಿತು. ಹಡಗುಗಳು ನಿಂತದ್ದು 1917ರಲ್ಲಿ.

ಸಾಲುಮನೆಯ ಮಗಳು

ಇಷ್ಟು ಹೊತ್ತು ಓದುತ್ತಿದ್ದೆ. ಬರೆಯಬೇಕೋ ಬೇಡವೋ ಎಂದು ಎರಡು ಸಲ ಅಳಿಸಿದ್ದೇನೆ.

ನಾನು ಹುಟ್ಟಿದ್ದು ಆಲ್ದೂರಿನ ಹತ್ತಿರದ ಒಂದು ಸಾಲುಮನೆಯಲ್ಲಿ. ಹತ್ತು ಅಡಿ ಅಗಲದ ಕೋಣೆ, ಗೋಡೆಯ ಆಚೆ ಇನ್ನೊಂದು ಸಂಸಾರ. ಈಗ ಹಾಸನದಲ್ಲಿ ನರ್ಸ್ ಆಗಿದ್ದೇನೆ. ಮೂಡಿಗೆರೆಯವರೇ, ನಿಮ್ಮ ಅಜ್ಜಿ ಆಳುಗಳಿಗೆ ಉಣಬಡಿಸಿದ್ದನ್ನು ನಾನು ನಂಬುತ್ತೇನೆ. ಆ ಊಟವನ್ನು ಅವರು ಎಲ್ಲಿ ಕುಳಿತು ಉಂಡರು, ತಟ್ಟೆಯನ್ನು ಯಾರು ತೊಳೆದರು ಎಂಬುದನ್ನೂ ಹೇಳಿ. ನಮ್ಮ ಅಜ್ಜಿಯ ಮಾತಿನಲ್ಲಿ ಹೇಳುವುದಾದರೆ, “ಕೈಯಲ್ಲಿ ಕೊಡುತ್ತಿರಲಿಲ್ಲ, ಮೇಲಿನಿಂದ ಹಾಕುತ್ತಿದ್ದರು”.

ನೀವು ಹಡಗಿನ ಲೆಕ್ಕ ಕೊಟ್ಟಿರಿ. ಮಲೆನಾಡಿನಲ್ಲಿ ಹಡಗು ಬೇಕಾಗಿರಲಿಲ್ಲ. ಬಿಳಿಯ ಬರುವುದಕ್ಕೆ ಮೊದಲೇ ಇಲ್ಲಿ ನಮ್ಮವರಲ್ಲಿ ಎರಡು ಬಗೆಯಿದ್ದರು: ಹುಟ್ಟಾಳು ಮತ್ತು ಮಣ್ಣಾಳು. ಹುಟ್ಟಾಳು ಎಂದರೆ ಒಡೆಯನ ಮನೆಯಲ್ಲೇ ಹುಟ್ಟಿ ಆ ಮನೆಗೇ ಸೇರಿದವನು. ಮಣ್ಣಾಳು ಎಂದರೆ ಜಮೀನು ಮಾರಿದಾಗ ಜಮೀನಿನ ಜೊತೆಗೇ ಮಾರಾಟವಾಗುತ್ತಿದ್ದವನು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ, ಬ್ರಿಟಿಷರ ಕಾಲದ ಮೈಸೂರು ಗ್ಯಾಸೆಟಿಯರ್‌ನಲ್ಲೇ ದಾಖಲಾಗಿದೆ. ಮಣ್ಣಿನ ಜೊತೆ ಮಾರಾಟವಾಗುವ ಮನುಷ್ಯನಿಗೆ ಗುಲಾಮ ಎಂಬ ಹೆಸರು ಸಲ್ಲುವುದಿಲ್ಲ ಎಂದಾದರೆ, ಸಲ್ಲುವ ಹೆಸರನ್ನು ನೀವೇ ಹುಡುಕಿ ಕೊಡಿ.

ಅರಸೀಕೆರೆಯವರೇ, ಎಲ್ಲ ಕಡೆ ಇತ್ತು ಎಂದಿರಿ. ನಮ್ಮ ಅಜ್ಜನ ಬೆನ್ನು ಇದ್ದದ್ದು ಒಂದೇ ಕಡೆ.

ಮೂಡಿಗೆರೆಯ ಬೆಳೆಗಾರ

ತಂಗೀ, ಊಟದ ವಿಷಯದಲ್ಲಿ ನಿನ್ನ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಹಿತ್ತಲ ಕಡೆಯ ಜಗುಲಿಯಲ್ಲಿ ಕುಳಿತು ಉಣ್ಣುತ್ತಿದ್ದರು. ಎಲೆಯನ್ನು ಅವರೇ ಎತ್ತುತ್ತಿದ್ದರು. ಅದು ತಪ್ಪು, ಅದನ್ನು ನಾನು ಎಂದೂ ಸಮರ್ಥಿಸಿಲ್ಲ.

ಆದರೆ ಒಂದು ಮಾತು. ನಮ್ಮ ಅಜ್ಜ ಬಿಳಿಯನಲ್ಲ, ಹತ್ತು ಎಕರೆಯಿಂದ ಶುರು ಮಾಡಿದವರು. ಕಾಂಡಕೊರಕ ಬಂದ ವರ್ಷ ಅವರೂ ಮಾರವಾಡಿಯ ಬಳಿ ಸಾಲ ಮಾಡಿ ಆಳುಗಳಿಗೆ ಬಟವಾಡೆ ಮಾಡಿದ್ದಾರೆ. ಬೆಲೆ ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ತೀರ್ಮಾನವಾಗುತ್ತಿತ್ತು. ಆ ದೊಡ್ಡ ಗಾಣದಲ್ಲಿ ಅವರೂ ಸಿಕ್ಕಿಕೊಂಡಿದ್ದರು. ಮಣ್ಣಾಳು ಎಂದರೆ ಗುಲಾಮ, ಒಪ್ಪಿದೆ. ಕೂಲಿ ಪಡೆದು, ಮುಂಗಡ ಪಡೆದು, ತಾನೇ ಹೆಬ್ಬೆಟ್ಟು ಒತ್ತಿ ಬಂದವನನ್ನೂ ಅದೇ ಸಾಲಿಗೆ ಸೇರಿಸುವುದನ್ನು ನಾನು ಒಪ್ಪುವುದಿಲ್ಲ.

ಚಾರ್ಮಾಡಿ ಹತ್ತಿ ಬಂದವರು

ನನ್ನದು ಮೂರನೆಯ ಮಾತು, ಇಬ್ಬರಿಗೂ ಇಷ್ಟವಾಗಲಿಕ್ಕಿಲ್ಲ.

ನಮ್ಮ ಅಜ್ಜಿ ಬೆಳ್ತಂಗಡಿ ಕಡೆಯವರು. ಹದಿನಾರನೆಯ ವಯಸ್ಸಿನಲ್ಲಿ ಗಂಡನ ಜೊತೆ, ತಲೆಯ ಮೇಲೆ ಒಂದು ಗಂಟು ಹೊತ್ತು ಚಾರ್ಮಾಡಿ ಘಟ್ಟವನ್ನು ನಡೆದು ಹತ್ತಿದರು. ಕರಾವಳಿಯಲ್ಲಿ ಗದ್ದೆ ಕೆಲಸ ಮುಗಿದ ಮೇಲೆ, ತೋಟಕ್ಕೆ ಆಳು ಕರೆದೊಯ್ಯುವ ಮೇಸ್ತ್ರಿ ಊರಿಗೆ ಬರುತ್ತಿದ್ದನಂತೆ. ಅಂಗಳದಲ್ಲಿ ಕುಳಿತು ನೋಟು ಎಣಿಸಿ ತೋರಿಸುತ್ತಿದ್ದನಂತೆ. ಊರಿನಲ್ಲಿ ಧಣಿಯ ಗೇಣಿ ತೀರಿಸಲೂ ಅದೇ ದುಡ್ಡು ಬೇಕು. ಕರಾವಳಿಯ ಸಾಲ ತೀರಿಸಲು ಘಟ್ಟದ ಸಾಲ.

ಅಜ್ಜಿ ತೋಟದ ಕಥೆ ಹೇಳುವಾಗ ಅಳುತ್ತಿರಲಿಲ್ಲ. ಒಂದು ದಿನಕ್ಕೆ ಎಷ್ಟು ಬುಟ್ಟಿ ಹಣ್ಣು ಕೊಯ್ದೆ ಎಂದು ಹೇಳಿ ನಗುತ್ತಿದ್ದರು. ಮೊದಲ ಬಟವಾಡೆಯ ದಿನ ಸಂತೆಯಿಂದ ತಂದ ಹಸಿರು ಸೀರೆಯನ್ನು ಸಾಯುವವರೆಗೂ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು. ಅವರನ್ನು ಯಾರಾದರೂ ಗುಲಾಮಳು ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು, ನನಗೂ ಬರುತ್ತದೆ. ಹಸಿವು ಅಟ್ಟಿದ್ದು ನಿಜ, ಹೆಜ್ಜೆ ಇಟ್ಟದ್ದು ಅವರೇ.

ಆದರೆ ಅದೇ ಅಜ್ಜಿ ಇನ್ನೊಂದು ಕಥೆಯನ್ನೂ ಹೇಳುತ್ತಿದ್ದರು. ಮೂರನೆಯ ವರ್ಷ ಗಂಡ ಚಳಿಜ್ವರದಿಂದ ತೀರಿಕೊಂಡರು. ಊರಿಗೆ ಹೋಗುತ್ತೇನೆ ಎಂದರೆ ಗಂಡನ ಮುಂಗಡ ಬಾಕಿ ಇದೆ ಎಂದರು. ಆರು ತಿಂಗಳು ಕಾದು, ಒಂದು ರಾತ್ರಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟರು. ಬಣಕಲ್ ದಾಟುವಷ್ಟರಲ್ಲಿ ಮೇಸ್ತ್ರಿಯ ಜನ ಹಿಡಿದು ವಾಪಸ್ ತಂದರು. ಆಮೇಲೆ ಹನ್ನೊಂದು ವರ್ಷ ಅಲ್ಲೇ ಇದ್ದರು. ಆ ಹನ್ನೊಂದು ವರ್ಷಕ್ಕೆ ಏನು ಹೆಸರು ಎಂದು ನನಗೂ ತಿಳಿಯುತ್ತಿಲ್ಲ. ಘಟ್ಟ ಹತ್ತುವಾಗ ಅವರು ಗುಲಾಮಳಲ್ಲ. ಇಳಿಯಲು ಬಿಡದ ದಿನದಿಂದ?

ಬೇಲೂರಿನ ವಿದ್ಯಾರ್ಥಿ

ಇದನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ.

ಹಾಸನದ ವಕೀಲೆ

ಚಾರ್ಮಾಡಿಯವರು ಎತ್ತಿದ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಬಂದಿತ್ತು. 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗೆ ಬಂದಿದ್ದ ವಲಸೆ ಕಾರ್ಮಿಕರ ಪ್ರಕರಣ. ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ. ಬಲವಂತ ಎಂದರೇನು? ಕೋಲು, ಸರಪಳಿ ಮಾತ್ರವೇ? ಹಸಿವು, ಬಡತನ, ಬೇರೆ ದಾರಿಯೇ ಇಲ್ಲದ ಸ್ಥಿತಿಯಲ್ಲಿ ಕನಿಷ್ಠ ಕೂಲಿಗಿಂತ ಕಡಿಮೆಗೆ ಒಪ್ಪಿ ದುಡಿಯುವುದೂ ಬಲವಂತದ ದುಡಿಮೆಯೇ ಎಂದು ನ್ಯಾಯಾಲಯ ಹೇಳಿತು. ಹೆಬ್ಬೆಟ್ಟು ತಾನೇ ಒತ್ತಿದ ಎಂಬ ವಾದಕ್ಕೆ ಅಲ್ಲಿಗೆ ಕಾನೂನಿನ ಬಲ ಹೋಯಿತು.

ಅದಕ್ಕೂ ಮೊದಲು 1975ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಜೀತ ಪದ್ಧತಿ ರದ್ದತಿಯ ಕಾಯಿದೆ. ಆ ಕಾಯಿದೆಯ ಹೃದಯ ಒಂದೇ ವಾಕ್ಯದಲ್ಲಿದೆ: ಜೀತಕ್ಕೆ ಕಾರಣವಾದ ಸಾಲ ಅಂದಿಗೇ ತೀರಿತು ಎಂದು ತಿಳಿಯತಕ್ಕದ್ದು. ಒಡೆಯನಿಗೆ ಪರಿಹಾರ ಎಂಬ ಮಾತೇ ಇಲ್ಲ. 1833ರ ಬ್ರಿಟಿಷ್ ಕಾನೂನಿಗೂ ಇದಕ್ಕೂ ಇರುವ ದೂರ ಇಷ್ಟು. ಈ ದೂರವನ್ನು ನೆನೆದಾಗಲೆಲ್ಲ ನನಗೆ ನಮ್ಮ ಸಂವಿಧಾನದ ಬಗ್ಗೆ ಹೆಮ್ಮೆ ಉಕ್ಕುತ್ತದೆ, ಜಾರಿಯಲ್ಲಿ ಏನೇ ಕೊರತೆಯಿದ್ದರೂ.

ಅರಸೀಕೆರೆಯ ಓದುಗ

1833ರ ಆ ಕಲಂ ನನಗೆ ಗೊತ್ತಿರಲಿಲ್ಲ. ನಾನು ಬರೆದದ್ದನ್ನು ಅಷ್ಟರಮಟ್ಟಿಗೆ ಹಿಂತೆಗೆದುಕೊಳ್ಳುತ್ತೇನೆ. ಆದರೂ ಒಂದು ಅನುಮಾನ ಉಳಿದಿದೆ. ಸಾಮ್ರಾಜ್ಯ ಹೋಯಿತು, ಒಡೆಯನ ಬಣ್ಣ ಬದಲಾಯಿತು, ತೋಟ ಮಾತ್ರ ಹಾಗೆಯೇ ನಡೆಯಿತು. ಹಾಗಾದರೆ ತಪ್ಪು ಸಾಮ್ರಾಜ್ಯದ್ದೋ, ತೋಟ ಎಂಬ ವ್ಯವಸ್ಥೆಯದ್ದೋ?

ಸಕಲೇಶಪುರದ ಮೇಷ್ಟ್ರು

ಈ ಪ್ರಶ್ನೆಗೆ ಹೈಟಿಯಲ್ಲೇ ಒಂದು ಸುಳಿವಿದೆ. ದಂಗೆಯ ನಾಯಕ ತೂಸಾಂ ಲೂವರ್ತೂರ್ ಗುಲಾಮನಾಗಿ ಹುಟ್ಟಿದವನು. ದಂಗೆಗಿಂತ ಎಷ್ಟೋ ಮೊದಲೇ ಅವನಿಗೆ ಬಿಡುಗಡೆ ಸಿಕ್ಕಿತ್ತು. 1779ರಲ್ಲಿ ಅವನು ಒಂದು ಸಣ್ಣ ಕಾಫಿ ತೋಟವನ್ನು ಗುತ್ತಿಗೆಗೆ ಹಿಡಿದ. ತೋಟದ ಜೊತೆಗೆ 13 ಮಂದಿ ಗುಲಾಮರೂ ಗುತ್ತಿಗೆಗೆ ಬಂದರು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಮುಂದೆ ಅವನೇ ಲಕ್ಷಾಂತರ ಜನರ ಬಿಡುಗಡೆಗೆ ಸೇನೆ ಕಟ್ಟಿದ, ನೆಪೋಲಿಯನ್ನನ ಸೆರೆಯಲ್ಲಿ, ಫ್ರಾನ್ಸಿನ ಗಡಿಯ ಒಂದು ಚಳಿಯ ಕೋಟೆಯಲ್ಲಿ 1803ರಲ್ಲಿ ಸತ್ತ. ನಡುವೆ 1800ರಲ್ಲಿ, ಅಧಿಕಾರ ಅವನ ಕೈಯಲ್ಲಿದ್ದಾಗ, ಬಿಡುಗಡೆಯಾದ ಜನ ತಮ್ಮ ಹಳೆಯ ತೋಟಗಳಿಗೇ ಹಿಂದಿರುಗಿ ಸೈನಿಕ ಶಿಸ್ತಿನಲ್ಲಿ ದುಡಿಯಬೇಕು ಎಂದು ಆಜ್ಞೆ ಹೊರಡಿಸಿದ. ಬಂದೂಕು ಕೊಳ್ಳಲು ದುಡ್ಡು ಬೇಕು, ದುಡ್ಡಿಗೆ ಕಾಫಿ ಮತ್ತು ಸಕ್ಕರೆ ಬೇಕು, ಕಾಫಿಗೆ ಕೈ ಬೇಕು. ಜನ ಒಪ್ಪಲಿಲ್ಲ. ಗುಡ್ಡದ ಮೇಲೆ ತಮ್ಮದೇ ಎರಡು ಗುಂಟೆ ಜಾಗದಲ್ಲಿ ಗೆಣಸು, ಬಾಳೆ ಬೆಳೆದುಕೊಂಡು ಬದುಕುತ್ತೇವೆ ಎಂದರು. ಅವರ ಕಣ್ಣಿನಲ್ಲಿ ಸ್ವಾತಂತ್ರ್ಯ ಎಂದರೆ ತೋಟಕ್ಕೆ ಹಿಂದಿರುಗದೆ ಇರುವುದು.

ಬ್ರೆಜಿಲ್ಲಿನಲ್ಲಿ 1888ರ ಮೇ 13ರಂದು ಗುಲಾಮಗಿರಿ ರದ್ದಾದಾಗಲೂ ಅಲ್ಲಿನ ಕಾಫಿ ಒಡೆಯರು ಇಟಲಿಯ ಬಡವರನ್ನು ಹಡಗಿನ ಖರ್ಚು ಕೊಟ್ಟು ಕರೆಸಿದರು. ಅವರ ಪಾಡು ಕೇಳಲಾಗದೆ ಇಟಲಿ ಸರ್ಕಾರ 1902ರಲ್ಲಿ ಆ ಬಗೆಯ ವಲಸೆಯನ್ನು ತಡೆಯಿತು.

ಚಿಕ್ಕಮಗಳೂರಿನ ನಿವೃತ್ತ ಗ್ರಂಥಪಾಲಕ

ಸಿಲೋನನ್ನು ಮರೆಯಬೇಡಿ. ಅದು ನಮಗೆ ಎಲ್ಲಕ್ಕಿಂತ ಹತ್ತಿರದ ಕನ್ನಡಿ. ಕ್ಯಾಂಡಿಯ ಗುಡ್ಡಗಳ ಕಾಫಿ ತೋಟಗಳಿಗೆ ತಮಿಳುನಾಡಿನ ಒಣ ಜಿಲ್ಲೆಗಳಿಂದ ಜನ ನಡೆದು ಹೋದರು. ಅವರನ್ನು ಕರೆದೊಯ್ದವನು ಕಂಗಾಣಿ, ನಮ್ಮಲ್ಲಿ ಮೇಸ್ತ್ರಿ ಎನ್ನುವವನೇ. 1869ರಲ್ಲಿ ಎಲೆಗೆ ತುಕ್ಕುರೋಗ ಬಂದು ಮುಂದಿನ ಎರಡು ದಶಕಗಳಲ್ಲಿ ಅಲ್ಲಿನ ಕಾಫಿ ಸರ್ವನಾಶವಾಯಿತು, ಆ ಗುಡ್ಡಗಳಲ್ಲಿ ಚಹಾ ಬಂತು. ಅದೇ ರೋಗ ನಮ್ಮ ತೋಟಗಳಿಗೂ ಬಂತು, ನಮ್ಮದು ಹೇಗೋ ಉಳಿಯಿತು.

ಬೆಳೆ ಬದಲಾದರೂ ಅದೇ ಜನ ಅದೇ ಸಾಲುಮನೆಗಳಲ್ಲಿ ಉಳಿದರು. ಸಿಲೋನಿಗೆ ಸ್ವಾತಂತ್ರ್ಯ ಬಂದ 1948ರಲ್ಲೇ ಹೊಸ ಪೌರತ್ವ ಕಾನೂನು ಅವರಲ್ಲಿ ಬಹುಪಾಲು ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿಯವರೂ ಸಿಲೋನಿನ ಪ್ರಧಾನಿ ಸಿರಿಮಾವೊ ಅವರೂ ಒಪ್ಪಂದ ಮಾಡಿಕೊಂಡು ಜನರನ್ನು ಹಂಚಿಕೊಂಡರು: 5 ಲಕ್ಷ 25 ಸಾವಿರ ಭಾರತಕ್ಕೆ, 3 ಲಕ್ಷ ಅಲ್ಲಿಗೆ, ಉಳಿದ ಒಂದೂವರೆ ಲಕ್ಷ ಜನರ ವಿಷಯ ಆಮೇಲೆ ನೋಡೋಣ ಎಂದರು. ಹೀಗೆ ವಾಪಸ್ ಬಂದ ಕೆಲವು ಕುಟುಂಬಗಳು ಘಟ್ಟದ ಕೆಳಗೆ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ನೆಲೆಸಿದವು. ನೂರೈವತ್ತು ವರ್ಷ, ಎರಡು ದೇಶ, ಮೂರು ಬೆಳೆ. ವಾಸಕ್ಕೆ ಮಾತ್ರ ಎಲ್ಲೆಡೆಯೂ ಸಾಲುಮನೆ.

ಸಾಲುಮನೆಯ ಮಗಳು

ಚರಿತ್ರೆಯ ಮಾತು ಸಾಕಷ್ಟಾಯಿತು, ಈಗಿನದನ್ನು ಹೇಳುತ್ತೇನೆ. ನಾವು ಬಿಟ್ಟುಬಂದ ಸಾಲುಮನೆಯಲ್ಲಿ ಈಗ ಅಸ್ಸಾಮಿನವರಿದ್ದಾರೆ. ಕಳೆದ ಡಿಸೆಂಬರ್‌ನಲ್ಲಿ ಕೊಯ್ಲಿನ ಸಮಯ, ಗಾಯಕ್ಕೆ ಹೊಲಿಗೆ ಹಾಕಿಸಿಕೊಳ್ಳಲು ಒಬ್ಬ ಹುಡುಗ ನಮ್ಮ ಆಸ್ಪತ್ರೆಗೆ ಬಂದಿದ್ದ. ಗುರುತಿನ ಚೀಟಿ ಕೇಳಿದೆ. “ಗುತ್ತಿಗೆದಾರನ ಹತ್ತಿರ ಇದೆ” ಎಂದ. ಎಲ್ಲರದ್ದೂ ಅವನ ಹತ್ತಿರವೇ ಇದೆಯಂತೆ, ಕೊಯ್ಲು ಮುಗಿದ ಮೇಲೆ ಕೊಡುತ್ತಾನಂತೆ. ಊರು ಯಾವುದು ಎಂದೆ. ಚಹಾ ತೋಟದ ಹೆಸರು ಹೇಳಿದ. ಅವನ ಮುತ್ತಜ್ಜನ ಕಾಲದಲ್ಲಿ ಛೋಟಾನಾಗಪುರದಿಂದ ಅಲ್ಲಿಗೆ ಕರೆತಂದಿದ್ದರಂತೆ.

ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿನಿಗೆ ನಾನು ಹೇಳುವುದು ಇಷ್ಟು. ಹೆಸರಿಗಾಗಿ ತಲೆ ಕೆಡಿಸಿಕೊಳ್ಳಬೇಡ. ನಿಮ್ಮ ತಾತ “ನಾಳೆ ಹೋಗುತ್ತೇನೆ” ಎಂದಿದ್ದರೆ ಏನಾಗುತ್ತಿತ್ತು ಎಂದು ಮನೆಯಲ್ಲಿ ಕೇಳು. ಅದಕ್ಕೆ ಸಿಗುವ ಉತ್ತರವನ್ನು ಬರೆದಿಡು.

ಮೂಡಿಗೆರೆಯ ಬೆಳೆಗಾರ

ಎರಡು ದಿನ ಇಲ್ಲಿ ಬರೆಯಲಿಲ್ಲ. ಸಿಟ್ಟಿನಿಂದಲ್ಲ. ಚಾರ್ಮಾಡಿಯವರ ಅಜ್ಜಿಯ ಕಥೆ ತಲೆಯಿಂದ ಹೋಗಲಿಲ್ಲ. ಅಟ್ಟದ ಮೇಲಿನ ಮರದ ಪೆಟ್ಟಿಗೆಯನ್ನು ಇಳಿಸಿದೆ. ಅಜ್ಜನ ಕಾಲದ ಚೆಕ್‌ರೋಲ್ ಪುಸ್ತಕಗಳು, ಎಂದರೆ ಆಳುಗಳ ಹಾಜರಿ ಮತ್ತು ಕೂಲಿಯ ಲೆಕ್ಕ, ಅದರಲ್ಲಿವೆ ಎಂದು ಗೊತ್ತಿತ್ತು, ಎಂದೂ ಬಿಚ್ಚಿ ನೋಡಿರಲಿಲ್ಲ.

1954ರ ಪುಸ್ತಕ. ಅಜ್ಜನ ಅಕ್ಷರ ಅಲ್ಲ, ತೋಟದ ಲೆಕ್ಕ ಬರೆಯುವ ರೈಟರ್ ಬರೆದದ್ದು. ಎಡಗಡೆ ಹೆಸರು, ಹಾಜರಿಗೆ ಅಡ್ಡ ಗೀಟು, ಬಲಗಡೆಯ ಕೊನೆಯಲ್ಲಿ ಮುಂಗಡ. ಕೆಲವು ಹೆಸರುಗಳ ಮುಂದೆ ಕೆಂಪು ಶಾಯಿಯಲ್ಲಿ ‘ಓಡಿದ’ ಎಂದಿದೆ. ಅವುಗಳಲ್ಲಿ ಎರಡರ ಕೆಳಗೆ ‘ತಂದಿದೆ’ ಎಂದು ಬರೆದು ತಾರೀಖು ಹಾಕಿದ್ದಾರೆ. ಹೆಣ್ಣಾಳುಗಳ ಪುಟದಲ್ಲಿ ಹಲವು ಕಡೆ ಹೆಸರೇ ಇಲ್ಲ, ‘ಅವನ ಹೆಂಡತಿ’ ಎಂದಿದೆ. ಒಬ್ಬ ಆಳಿನ ಬಾಕಿ 62 ರೂಪಾಯಿ. ಅವನ ಹೆಸರಿನ ಮೇಲೆ ಗೆರೆ ಎಳೆದು ‘ಮೃತ’ ಎಂದು ಬರೆದಿದ್ದಾರೆ. ಮುಂದಿನ ಪುಟದಲ್ಲಿ ಅದೇ 62 ರೂಪಾಯಿ ಅವನ ಮಗನ ಹೆಸರಿನಲ್ಲಿದೆ. ಮಗನ ಕೂಲಿಯ ದರ ನೋಡಿದರೆ ಅವನಿನ್ನೂ ಹುಡುಗ, ಅರ್ಧ ಕೂಲಿ.

ನನ್ನ ಅಜ್ಜ ಕ್ರೂರಿಯಲ್ಲ ಎಂದು ಈಗಲೂ ಹೇಳುತ್ತೇನೆ. ಅವರ ಕೈಯ ಬಿಸುಪು ನನಗೆ ನೆನಪಿದೆ. ಆದರೆ ಆ ಎರಡು ಪುಟಗಳ ನಡುವೆ ನಡೆದದ್ದಕ್ಕೆ ನಾನು ಬೇರೆ ಹೆಸರು ಹುಡುಕಲಾರೆ. ‘ತಾನೇ ಹೆಬ್ಬೆಟ್ಟು ಒತ್ತಿ ಬಂದವನು’ ಎಂದು ಬರೆದಿದ್ದೆ. ಆ ಹುಡುಗ ಯಾವುದಕ್ಕೂ ಹೆಬ್ಬೆಟ್ಟು ಒತ್ತಿರಲಿಲ್ಲ.

ಚಾರ್ಮಾಡಿ ಹತ್ತಿ ಬಂದವರು

ನಿಮಗೆ ಕೈಮುಗಿಯುತ್ತೇನೆ. ಆ ಪೆಟ್ಟಿಗೆ ತೆರೆಯುವುದು ಸುಲಭವಲ್ಲ.

ಹಾಸನದ ವಕೀಲೆ

ದಯವಿಟ್ಟು ಅದನ್ನು ಸುಡಬೇಡಿ, ಯಾರಿಗೂ ಕೊಟ್ಟುಬಿಡಬೇಡಿ. ಇಂಥ ಪುಸ್ತಕಗಳು ಪ್ರತಿ ವರ್ಷವೂ ಹಳೆಯ ಬಂಗಲೆಗಳಲ್ಲಿ ಗೆದ್ದಲಿಗೆ ಹೋಗುತ್ತಿವೆ.

ಮೂಡಿಗೆರೆಯ ಬೆಳೆಗಾರ

ಸುಡುವುದಿಲ್ಲ. ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಬನ್ನಿ. ಪ್ರಶ್ನೆ ಕೇಳಿದ ಹುಡುಗಿಯೂ ಬರಲಿ. ನಡುಮನೆಯಲ್ಲಿ ಮೇಜು ಹಾಕಿಸುತ್ತೇನೆ, ಎಲ್ಲರ ಊಟವೂ ಅಲ್ಲೇ. ಸಾಲುಮನೆಯ ತಂಗಿಯೂ ಬಂದರೆ ನನಗೆ ಸಂತೋಷ. ಬರಲೇಬೇಕು ಎಂದು ಕೇಳುವ ಹಕ್ಕು ನನಗಿಲ್ಲ.

ಸಕಲೇಶಪುರದ ಮೇಷ್ಟ್ರು

ಮುಂದಿನ ಭಾನುವಾರ ಬರುತ್ತೇವೆ. ಹನ್ನೆರಡು ಮಕ್ಕಳು, ಬೆಳಗಿನ ಏಳೂವರೆಯ ಬಸ್ಸಿಗೆ. ಪ್ರತಿ ಪುಟದ ಫೋಟೊ ತೆಗೆದು, ಹೆಸರುಗಳನ್ನು ಅಕ್ಷರಕ್ಕೆ ಅಕ್ಷರ ಬರೆದುಕೊಳ್ಳುತ್ತೇವೆ.

ಸಾಲುಮನೆಯ ಮಗಳು

ಶನಿವಾರ ನನಗೆ ರಾತ್ರಿ ಪಾಳಿ. ಮುಗಿಸಿ ನೇರವಾಗಿ ಬರುತ್ತೇನೆ. ಹೆಣ್ಣಾಳುಗಳ ಪುಟವನ್ನು ನಾನು ಬರೆದುಕೊಳ್ಳುತ್ತೇನೆ. ‘ಅವನ ಹೆಂಡತಿ’ ಎಂದಿರುವ ಕಡೆ ಹೆಸರು ಗೊತ್ತಿರುವ ಮುದುಕಿಯರು ಆ ಸುತ್ತಿನ ಸಾಲುಗಳಲ್ಲಿ ಇನ್ನೂ ಇಬ್ಬರೋ ಮೂವರೋ ಇರಬಹುದು. ಅವರು ಬದುಕಿರುವಾಗಲೇ ಕೇಳಬೇಕು. ಮಳೆ ಹಿಡಿದಿದೆ, ಅಲ್ಲಿಯವರೆಗೆ ಪುಸ್ತಕವನ್ನು ಒಲೆಯ ಹತ್ತಿರದ ಗೂಡಿನಲ್ಲಿ ಇಡಿ, ಶೀತ ತಾಗದ ಹಾಗೆ.